ಚಳಿಗಾಲದ ಗಾಲ್ಫ್ ಪ್ರವಾಸಕ್ಕೆ ಮುಂಚೆ ನಿಮ್ಮ ನೆರಳು ಅಳೆದುಕೊಳ್ಳಿ

ನನ್ನ ಚರ್ಮರೋಗದ ಕ್ಲಿನಿಕ್ಕಿಗೆ ಬರುವ ಗಾಲ್ಫ್ ಆಟಗಾರರನ್ನು ನಾನು ಕೈ ನೋಡಿಯೇ ಗುರುತಿಸುತ್ತೇನೆ. ಬಲಗೈ ಕಪ್ಪಾಗಿರುತ್ತದೆ. ಎಡಗೈ ಮಣಿಕಟ್ಟಿನವರೆಗೂ ಕಪ್ಪು, ಅಲ್ಲಿಂದ ಕೆಳಗೆ ಬಿಳಿ. ಬಲಗೈ ಆಟಗಾರರು ಎಡಗೈಗೆ ಮಾತ್ರ ಗ್ಲೌಸ್ ಹಾಕುತ್ತಾರಲ್ಲ, ಅದರ ಗುರುತು ಅದು. ಎರಡೂ ಕೈಗೂ ವಯಸ್ಸು ಒಂದೇ. ಆದರೂ ಬಲಗೈ ಮೇಲೆ ಕಲೆ, ಸುಕ್ಕು, ಮುಟ್ಟಿದರೆ ಒರಟು ಹಕ್ಕಳೆ. ಎಡಗೈ ಮಾತ್ರ ಹತ್ತು ವರ್ಷ ಚಿಕ್ಕವರ ಕೈಯಂತೆ ನಯವಾಗಿರುತ್ತದೆ. ಒಂದು ತುಂಡು ಹೊದಿಕೆ ಚರ್ಮವನ್ನು ಎಷ್ಟು ಕಾಯುತ್ತದೆ ಎಂದು ತೋರಿಸಲು ನಾನು ಅವರ ಎರಡು ಕೈಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿಸುತ್ತೇನೆ.

ಡಿಸೆಂಬರ್ ಹತ್ತಿರ ಬಂದರೆ ಇವರಲ್ಲಿ ಎಷ್ಟೋ ಜನ ಬಿಸಿಲಿರುವ ಊರುಗಳಿಗೆ ಹೊರಡುತ್ತಾರೆ. ಟಿಕೆಟ್, ಹೋಟೆಲ್, ಟೀ ಟೈಮ್ (ಆಟ ಶುರು ಮಾಡಲು ಕಾಯ್ದಿರಿಸುವ ಹೊತ್ತು) ಎಲ್ಲ ಬುಕ್ ಆದ ಮೇಲೆ, ಹೊರಡುವ ಹಿಂದಿನ ದಿನ ಫೋನ್ ಬರುತ್ತದೆ. "ಡಾಕ್ಟ್ರೇ, ಯಾವ ಸನ್‌ಸ್ಕ್ರೀನ್ ತಗೊಳ್ಲಿ?" ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ನನ್ನ ಲೆಕ್ಕದಲ್ಲಿ ಅದು ಕೊನೆಗೆ ಬರಬೇಕಾದದ್ದು. ಯಾವ ಊರು, ಯಾವ ತಿಂಗಳು, ಎಷ್ಟು ಗಂಟೆಗೆ ಆಟ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಚರ್ಮದ ಅರ್ಧ ಹಣೆಬರಹ ಅಲ್ಲೇ ಬರೆದುಹೋಗಿರುತ್ತದೆ.

ಎಲ್ಲರೂ ಊರು ಆರಿಸುವುದು ಉಷ್ಣಾಂಶ ನೋಡಿ. 25 ಡಿಗ್ರಿ ಇದೆ, ಹಿತವಾಗಿದೆ, ಹೋಗೋಣ ಅನ್ನುತ್ತಾರೆ. ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. "ಬಿಸಿಲು" ಅಂದಾಗ ಬೆಳಕೂ ಬಂತು, ಬಿಸಿಯೂ ಬಂತು. ಚರ್ಮವನ್ನು ಸುಡುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿ ಅಂತಲೂ ಅನಿಸುವುದಿಲ್ಲ. ಅದು ಎಷ್ಟು ಬರುತ್ತದೆ ಅನ್ನುವುದು ಮುಖ್ಯವಾಗಿ ಸೂರ್ಯ ಎಷ್ಟು ಎತ್ತರಕ್ಕೆ ಏರುತ್ತಾನೆ ಅನ್ನುವುದರ ಮೇಲೆ ನಿಂತಿದೆ. ಸೂರ್ಯ ಓರೆಯಾಗಿದ್ದರೆ ಕಿರಣಗಳು ಗಾಳಿಯಲ್ಲೂ ಓಝೋನ್ ಪದರದಲ್ಲೂ ಉದ್ದ ದಾರಿ ಸಾಗಬೇಕು. ಅಷ್ಟರಲ್ಲಿ ಬಹುಪಾಲು ಸೋಸಿಹೋಗುತ್ತದೆ.

ಈಗ ಡಿಸೆಂಬರ್ 21ರ ನಡುಮಧ್ಯಾಹ್ನವನ್ನು ತೆಗೆದುಕೊಳ್ಳಿ. ಪೋರ್ಚುಗಲ್‌ನ ಅಲ್ಗಾರ್ವ್, ಸ್ಪೇನಿನ ಕೋಸ್ಟಾ ಡೆಲ್ ಸೋಲ್‌ನಲ್ಲಿ ಸೂರ್ಯ ಏರುವುದು ಸುಮಾರು 30 ಡಿಗ್ರಿ ಎತ್ತರಕ್ಕೆ (ದಿಗಂತ 0, ನೆತ್ತಿ 90) ಮಾತ್ರ. ಸ್ಪೇನಿನದೇ ದ್ವೀಪವಾದ ಟೆನೆರೀಫ್‌ನಲ್ಲಿ 38ರ ಸುತ್ತಮುತ್ತ, ದುಬೈಯಲ್ಲಿ 41. ಥಾಯ್ಲೆಂಡಿನ ಫುಕೆಟ್‌ಗೆ ಬಂದರೆ 58 ದಾಟುತ್ತದೆ. ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಇಳಿದರೆ ಕಥೆಯೇ ಬೇರೆ. ಕೇಪ್‌ಟೌನ್‌ನಲ್ಲಿ ಸುಮಾರು 79. ಮಾರಿಷಸ್‌ನಲ್ಲಿ 87ರ ಹತ್ತಿರ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಜೋಹಾನ್ಸ್‌ಬರ್ಗ್‌ನಲ್ಲೂ ಸೂರ್ಯ ನೆತ್ತಿಗೇ ಬರುತ್ತಾನೆ, ಜೊತೆಗೆ ಊರು ಸಮುದ್ರಮಟ್ಟದಿಂದ 1700 ಮೀಟರ್ ಮೇಲಿದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣ ಸುಮಾರು ಶೇ. 10ರಷ್ಟು ಜಾಸ್ತಿ ಆಗುತ್ತದೆ. ಇನ್ನೊಂದು ಸಂಗತಿ: ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ವರ್ಷದಲ್ಲೇ ಹೆಚ್ಚು ಹತ್ತಿರ ಇರುತ್ತದೆ. ಜುಲೈಗೆ ಹೋಲಿಸಿದರೆ ಶೇ. 7ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ಆಗ ಬೇಸಿಗೆ ಇರುವುದು ದಕ್ಷಿಣದವರಿಗೆ.

ದುಬೈ ಮತ್ತು ಕೇಪ್‌ಟೌನ್ ಎರಡರಲ್ಲೂ ಡಿಸೆಂಬರ್ ಹಗಲು 25 ಡಿಗ್ರಿ ಆಸುಪಾಸು. ಕೇಪ್‌ಟೌನ್‌ನಲ್ಲಿ ಗಾಳಿ ಬೇರೆ ಜೋರು, ಆಡುವಾಗ ಸೆಖೆಯೇ ಅನಿಸುವುದಿಲ್ಲ. ಆದರೆ ಮೋಡವಿಲ್ಲದ ಮಧ್ಯಾಹ್ನ ಅಲ್ಲಿನ ಯುವಿ ಸೂಚ್ಯಂಕ (ಅತಿನೇರಳೆ ಕಿರಣದ ತೀವ್ರತೆಯ ಅಳತೆ) 11 ದಾಟುತ್ತದೆ. ದುಬೈಯಲ್ಲಿ ಅದರ ಅರ್ಧದಷ್ಟು. ಕೇಪ್‌ಟೌನ್‌ನಿಂದ ಬಂದ ಒಬ್ಬರು ಕತ್ತು, ಕಿವಿ ಎಲ್ಲ ಸಿಪ್ಪೆ ಏಳುತ್ತಿರುವಾಗಲೂ "ಅಲ್ಲಿ ಬಿಸಿಲೇ ಇರಲಿಲ್ಲ ಡಾಕ್ಟ್ರೇ, ತಂಪಾಗಿತ್ತು" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಿಸಿಲಿನ ಉರಿ ಶುರುವಾಗುವುದೇ ಕೆಲವು ಗಂಟೆ ಕಳೆದ ಮೇಲೆ. ಪೂರ್ತಿ ಕಾಣಿಸಿಕೊಳ್ಳುವುದು 12ರಿಂದ 24 ಗಂಟೆಯಲ್ಲಿ. ಆಡುವಾಗ ಏನೂ ಆಗಿಲ್ಲ ಅನಿಸುತ್ತದೆ, ರಾತ್ರಿ ದಿಂಬಿಗೆ ಕತ್ತು ತಾಗಿದಾಗ ಗೊತ್ತಾಗುತ್ತದೆ.

ಯುವಿ ಸೂಚ್ಯಂಕವನ್ನು 1992ರಲ್ಲಿ ಕೆನಡಾದವರು ಶುರು ಮಾಡಿದರು. ಈಗ ಫೋನಿನ ಹವಾಮಾನದ ಆ್ಯಪ್‌ನಲ್ಲೇ ಸಿಗುತ್ತದೆ. 2ರವರೆಗೆ ಚಿಂತೆಯಿಲ್ಲ, 3ರಿಂದ ಮೇಲೆ ರಕ್ಷಣೆ ಬೇಕು, 8 ಅಂದರೆ ತುಂಬಾ ಜಾಸ್ತಿ, 11 ದಾಟಿದರೆ ಅತಿ. ಫೋನ್ ಬೇಡ ಅನ್ನುವವರಿಗೆ ನೆರಳೇ ಸಾಕು. ಫೇರ್‌ವೇ (ಮೈದಾನದ ಹುಲ್ಲುಹಾಸು) ಮೇಲೆ ನಿಂತು ನಿಮ್ಮ ನೆರಳು ನೋಡಿಕೊಳ್ಳಿ. ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿ ದಾಟಿದ್ದಾನೆ, ಚರ್ಮ ಸುಡುವ ಹೊತ್ತು ಬಂದಿದೆ. ಡಿಸೆಂಬರ್‌ನ ಅಲ್ಗಾರ್ವ್‌ನಲ್ಲಿ ನೆರಳು ಇಡೀ ದಿನ ನಿಮಗಿಂತ ಉದ್ದವೇ ಇರುತ್ತದೆ. ಅಲ್ಲಿ ಮಧ್ಯಾಹ್ನ ಆಡಿದರೂ ಟೋಪಿ ಮತ್ತು ಮುಖಕ್ಕೆ ಒಂದಿಷ್ಟು ಕ್ರೀಮ್ ಸಾಕು. ಹಾಗಂತ ಅದೇ ಊರಿಗೆ ಮಾರ್ಚ್ ಕೊನೆಗೆ ಹೋದರೆ ಸೂರ್ಯ 53 ಡಿಗ್ರಿ ದಾಟಿರುತ್ತಾನೆ. ಡಿಸೆಂಬರ್‌ನ ಅನುಭವ ನಂಬಿಕೊಂಡು ಮಾರ್ಚ್‌ನಲ್ಲಿ ಸುಟ್ಟುಕೊಂಡು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ತೆಳು ಮೋಡವನ್ನೂ ನಂಬಬೇಡಿ, ಶೇ. 80ರವರೆಗೂ ಕಿರಣ ಅದನ್ನು ದಾಟಿ ಬರುತ್ತದೆ.

ಒಂದು ಆಟದ 18 ಹೋಲ್ (ಚೆಂಡು ಸೇರಿಸಬೇಕಾದ ಕುಳಿಗಳು) ಮುಗಿಸಲು ನಾಲ್ಕರಿಂದ ಐದು ಗಂಟೆ ಬೇಕು. ಕ್ರಿಕೆಟ್‌ನಲ್ಲಾದರೆ ಬ್ಯಾಟಿಂಗ್ ಬಾರದಾಗ ಒಳಗೆ ಕೂರಬಹುದು. ಗಾಲ್ಫ್‌ನಲ್ಲಿ ಅದಿಲ್ಲ. ಅದಕ್ಕೇ ಫುಕೆಟ್, ಮಾರಿಷಸ್, ಕೇಪ್‌ಟೌನ್ ಕಡೆ ಹೋಗುವವರಿಗೆ ನಾನು ಹೇಳುವುದು, ಬೆಳಗಿನ ಮೊದಲ ಟೀ ಟೈಮ್ ಹಿಡಿಯಿರಿ. ಎಳೆಬಿಸಿಲಿನಲ್ಲಿ ಮೊದಲ ಒಂಬತ್ತು ಹೋಲ್ ಮುಗಿದಿರುತ್ತದೆ. ಮೊದಲ ದಿನವಂತೂ ಒಂಬತ್ತೇ ಸಾಕು. ತಿಂಗಳುಗಟ್ಟಲೆ ಕೋಟಿನೊಳಗಿದ್ದ ಚರ್ಮ ಅದು. ಕೆಲವರು ಹೊರಡುವ ಮುಂಚೆ ಟ್ಯಾನಿಂಗ್ ಯಂತ್ರದಲ್ಲಿ ಮಲಗಿ ಚರ್ಮ "ತಯಾರು" ಮಾಡಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಸನ್‌ಸ್ಕ್ರೀನ್ ಎಷ್ಟು ಕಾಯುತ್ತದೆ ಅನ್ನುವುದರ ಅಳತೆ ಎಸ್‌ಪಿಎಫ್. ಆ ಬಣ್ಣ ಕೊಡುವ ರಕ್ಷಣೆ ಎಸ್‌ಪಿಎಫ್ 3ರಷ್ಟು. ಅದಕ್ಕಾಗಿ ಚರ್ಮ ತಿನ್ನುವ ಪೆಟ್ಟು ಮಾತ್ರ ನಿಜವಾದದ್ದು.

ಆಮೇಲೆ ಬಟ್ಟೆ. ಸಾಧಾರಣ ತೆಳು ಬಿಳಿ ಹತ್ತಿ ಟೀ ಶರ್ಟ್ ತಡೆಯುವುದು ನೀವಂದುಕೊಂಡಷ್ಟಲ್ಲ, ಬೆವರಿನಲ್ಲಿ ಒದ್ದೆಯಾದರೆ ಇನ್ನೂ ಕಡಿಮೆ. ಒತ್ತು ನೇಯ್ಗೆಯ, ಯುಪಿಎಫ್ 50 ಎಂದು ಬರೆದಿರುವ ತುಂಬು ತೋಳಿನ ಅಂಗಿ ಕಿರಣದಲ್ಲಿ ಐವತ್ತನೇ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ, ಗ್ರಿಪ್ ಜಾರುವುದಿಲ್ಲ. ಕ್ರೀಮ್ ಬರೆದುಕೊಡುವ ವೈದ್ಯನಾಗಿಯೂ ನಾನು ಮೊದಲು ಹೇಳುವುದು ಅಂಗಿಯನ್ನೇ.

ಟೋಪಿ ವಿಷಯಕ್ಕೆ ನನ್ನ ರೋಗಿಗಳ ಜೊತೆ ವಾದವೇ ಆಗುತ್ತದೆ. ಎಲ್ಲರಿಗೂ ಮುಂದೆ ಮಾತ್ರ ಅಂಚಿರುವ ಕ್ಯಾಪೇ ಬೇಕು. ಅದು ಹಣೆಗೂ ಮೂಗಿಗೂ ನೆರಳು ಕೊಡುತ್ತದೆ, ನಿಜ. ಕಿವಿಯ ಗತಿ ಏನು? ಪಟ್ ಮಾಡಲು (ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳಲು) ತಲೆ ಬಗ್ಗಿಸಿ ನಿಂತಾಗ ಹಿಂಗತ್ತಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ, ಅದೂ ಕುಳಿ ಸುತ್ತಲ ಹುಲ್ಲುಹಾಸಾದ ಒಂದೊಂದು ಗ್ರೀನ್‌ನಲ್ಲಿ. ಕಿವಿಯ ಮೇಲಂಚು, ಕೆಳತುಟಿ, ಮೂಗು, ಇವೇ ನಾನು ಬಯಾಪ್ಸಿ ತೆಗೆಯುವ ಜಾಗಗಳು. ಆಸ್ಟ್ರೇಲಿಯಾದ ಗಾಲ್ಫ್ ಆಟಗಾರ ಆ್ಯಡಮ್ ಸ್ಕಾಟ್ 2011ರಲ್ಲಿ ಮುಖದ ಮೇಲಿನ ಚರ್ಮದ ಕ್ಯಾನ್ಸರ್ ತೆಗೆಸಿಕೊಂಡರು, ಎರಡು ವರ್ಷದ ನಂತರ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯಾವಳಿ ಗೆದ್ದರು. ಬೇಗ ಗೊತ್ತಾದರೆ ವಾಸಿಯಾಗುವಂಥದ್ದು ಅದು. ಸುತ್ತಲೂ ಅಗಲ ಅಂಚಿರುವ ಟೋಪಿ ಹಾಕಿಕೊಳ್ಳಿ. ಗಾಳಿಗೆ ಹಾರುತ್ತದೆ ಅಂದರೆ ಗದ್ದಕ್ಕೆ ದಾರ ಇರುವುದು ಸಿಗುತ್ತದೆ.

ಈಗ ಕ್ರೀಮ್. ಬ್ರಾಡ್ ಸ್ಪೆಕ್ಟ್ರಮ್ (ಎರಡೂ ಬಗೆಯ ಅತಿನೇರಳೆ ಕಿರಣ ತಡೆಯುವಂಥದ್ದು) ಎಂದು ಬರೆದಿರಬೇಕು, ಎಸ್‌ಪಿಎಫ್ 30 ಅಥವಾ 50 ಇರಬೇಕು, ನೀರಿಗೆ ತಡೆಯುವಂಥದ್ದಿರಬೇಕು. ಬ್ರ್ಯಾಂಡ್ ಯಾವುದಾದರೂ ಸರಿ. ತಪ್ಪಾಗುವುದು ಅಳತೆಯಲ್ಲಿ. ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಎಸ್‌ಪಿಎಫ್ ಅಳೆಯುತ್ತಾರೆ. ನಾವು ಹಚ್ಚುವುದು ಅದರ ಅರ್ಧ, ಕೆಲವರು ಕಾಲು ಭಾಗ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಎಳೆದಷ್ಟು ಬೇಕು. ಹೊರಡುವ 15–20 ನಿಮಿಷ ಮುಂಚೆ ರೂಮಿನಲ್ಲೇ ಹಚ್ಚಿ, ಒಂಬತ್ತನೇ ಹೋಲ್ ಮುಗಿದಾಗ ಇನ್ನೊಮ್ಮೆ. ಅಷ್ಟು ಹೊತ್ತಿಗೆ ಎರಡು ಗಂಟೆಯ ಮೇಲೆ ಆಗಿರುತ್ತದೆ, ನೆನಪಿಡಲೂ ಸುಲಭ. ಅರ್ಧ ತೋಳು, ಚಡ್ಡಿಯಲ್ಲಿ ಆಡುವವರು ಹೀಗೆ ಹಚ್ಚಿದರೆ ವಾರಕ್ಕೆ 200 ಮಿಲಿ ಬಾಟಲಿ ಬೇಕಾಗುತ್ತದೆ. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಹವಾಯಿಗೆ ಹೋಗುವವರು ಗಮನಿಸಿ: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮ್ ಅಲ್ಲಿ 2021ರಿಂದ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

"ಅಂಗೈ ಜಿಡ್ಡಾಗುತ್ತೆ, ಕ್ಲಬ್ (ಹೊಡೆಯುವ ಕೋಲು) ಜಾರುತ್ತೆ" ಅನ್ನುವುದು ಮತ್ತೆ ಹಚ್ಚದಿರುವುದಕ್ಕೆ ಎಲ್ಲರೂ ಕೊಡುವ ಕಾರಣ. ನ್ಯಾಯವಾದದ್ದೇ. ಕ್ರೀಮನ್ನು ಒಂದು ಮುಂಗೈ ಮೇಲೆ ಹಾಕಿ, ಇನ್ನೊಂದು ಮುಂಗೈಯಿಂದ ಉಜ್ಜಿ. ಮುಂಗೈಗೆ ಮುಂಗೈ, ಮೊಣಕೈಯವರೆಗೂ ಹಾಗೇ ಸಾಗಿ. ಅಂಗೈಗೆ ತಾಗುವುದೇ ಇಲ್ಲ. ಮುಖ, ಕಿವಿ, ಹಿಂಗತ್ತಿಗೆ ಕಡ್ಡಿಯ ರೂಪದ ಸನ್‌ಸ್ಕ್ರೀನ್ ಬರುತ್ತದೆ, ಅದನ್ನು ಬ್ಯಾಗಿನ ಜೇಬಿನಲ್ಲಿಡಿ. ತುಟಿಗೂ ಒಂದು ಇರಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಯಾವುದನ್ನೂ ಬಿಡಬೇಡಿ, ಶಾಖಕ್ಕೆ ಕೆಡುತ್ತದೆ.

ಕಂದು, ಕಪ್ಪು ಮೈಬಣ್ಣದವರು "ನಮಗೇನೂ ಆಗಲ್ಲ" ಅನ್ನುತ್ತಾರೆ. ಸುಡುವುದು ಕಡಿಮೆ, ಒಪ್ಪುತ್ತೇನೆ. ಆದರೆ ಬಂಗು ಎದ್ದು ಕಾಣುವುದು ಅವರಲ್ಲೇ. ಅವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ, ಬಂಗನ್ನು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ.

ಕೊನೆಗೆ ನಿಮ್ಮ ಔಷಧಿ ಡಬ್ಬಿ. ಒಬ್ಬರು ಮೊಣಕೈ ಒಳಮಗ್ಗುಲಲ್ಲಿ ಗುಳ್ಳೆ ಎದ್ದು ನೀರು ತುಂಬಿಕೊಂಡು ಬಂದರು. ಗುಳ್ಳೆಯ ಗಡಿ ಗೆರೆ ಎಳೆದಂತೆ ಇತ್ತು. ನೋವಿಗೆಂದು ಕೀಟೊಪ್ರೊಫೆನ್ ಜೆಲ್ ಹಚ್ಚಿಕೊಂಡು ಆಡಿದ್ದರು. ಆ ಜೆಲ್ ಮತ್ತು ಬಿಸಿಲು ಸೇರಿದರೆ ಚರ್ಮ ಹೀಗೆ ಸಿಡಿದೇಳಬಹುದು. ಹಚ್ಚುವುದು ನಿಲ್ಲಿಸಿದ ಮೇಲೂ ಎರಡು ವಾರ ಆ ಜಾಗಕ್ಕೆ ಬಿಸಿಲು ತಾಗಬಾರದು. ಮಲೇರಿಯಾ ಬಾರದಿರಲೆಂದು ಪ್ರವಾಸಿಗರು ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡದ ಹೈಡ್ರೊಕ್ಲೋರೊಥಯಜೈಡ್, ಮೊಡವೆಯ ಐಸೊಟ್ರೆಟಿನಾಯಿನ್ ಇವೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ನೀವಾಗಿಯೇ ಸುಮ್ನೆ ನಿಲ್ಲಿಸಿಬಿಡಬೇಡಿ. ಹೊರಡುವ ಮೂರು ವಾರ ಮುಂಚೆ ಪಟ್ಟಿ ಹಿಡಿದುಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ. ಬದಲಿಸಬಹುದಾದದ್ದನ್ನು ಬದಲಿಸಲು ಅಷ್ಟು ಸಮಯ ಬೇಕಾಗುತ್ತದೆ.