ವೊಲ್ಬಾಕಿಯಾ: ತಂದೆಯಲ್ಲಿದ್ದರೆ ಮೊಟ್ಟೆ ಯಾಕೆ ಸಾಯುತ್ತದೆ?

ಕುಮಟಾ ಕಡೆ ಗದ್ದೆ ಇರುವವರಿಗೆ ಕಂದು ಜಿಗಿಹುಳು ಗೊತ್ತಿರುತ್ತದೆ. ಭತ್ತದ ಬುಡ ಬಿಡಿಸಿದರೆ ನೀರಿಗಿಂತ ತುಸು ಮೇಲೆ ಗುಂಪಾಗಿ ಕೂತು ರಸ ಹೀರುತ್ತಿರುತ್ತವೆ. ಜಾಸ್ತಿಯಾದರೆ ಗದ್ದೆ ಅಲ್ಲಲ್ಲಿ ದುಂಡಗೆ, ಸುಟ್ಟ ಹಾಗೆ ಒಣಗುತ್ತದೆ. ಇಂಥ ಎಷ್ಟೋ ಕೀಟಗಳ ಜೀವಕೋಶದೊಳಗೇ ಬದುಕುವ ಬ್ಯಾಕ್ಟೀರಿಯಾ ವೊಲ್ಬಾಕಿಯಾ. 1924ರಲ್ಲಿ ವಿಜ್ಞಾನಿಗಳಾದ ಹರ್ಟಿಗ್ ಮತ್ತು ವೊಲ್ಬಾಕ್ ಇದನ್ನು ಮೊದಲು ಕಂಡದ್ದು ಕ್ಯೂಲೆಕ್ಸ್ ಸೊಳ್ಳೆಯಲ್ಲಿ.

ಇದು ಮರಿಗೆ ದಾಟುವುದು ತಾಯಿಯ ಮೊಟ್ಟೆಯಿಂದ. ವೀರ್ಯಾಣುವಿನಿಂದ ದಾಟುವುದಿಲ್ಲ. ಈ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ.

ಈಗ ಸೈಟೋಪ್ಲಾಸ್ಮಿಕ್ ಇನ್‌ಕಂಪ್ಯಾಟಿಬಿಲಿಟಿ, ಚಿಕ್ಕದಾಗಿ ಸಿಐ. ಅಂದರೆ ಈ ಬ್ಯಾಕ್ಟೀರಿಯಾದಿಂದಾಗಿ ಗಂಡು-ಹೆಣ್ಣು ಹೊಂದಾಣಿಕೆಯಾಗದೆ ಮೊಟ್ಟೆ ಸಾಯುವುದು. ಪುಸ್ತಕದಲ್ಲಿ ತಾಯಿ, ತಂದೆಯಲ್ಲಿ ಸೋಂಕು ಇದೆ-ಇಲ್ಲ ಅನ್ನುವ ನಾಲ್ಕು ಮನೆಯ ಕೋಷ್ಟಕ ಇರುತ್ತದೆ. ಅದನ್ನು ಬಾಯಿಪಾಠ ಮಾಡುವುದು ಬೇಡ. ಎಲ್ಲದರಲ್ಲೂ ಬ್ಯಾಕ್ಟೀರಿಯಾದ ಒಂದೇ ತಳಿ ಅಂತಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ತಾಯಿಯಲ್ಲಿ ಬ್ಯಾಕ್ಟೀರಿಯಾ ಇದೆಯಾ? ಇದ್ದರೆ ಅಲ್ಲಿಗೇ ನಿಲ್ಲಿಸಿ, ಮೊಟ್ಟೆ ಒಡೆದು ಮರಿ ಬರುತ್ತದೆ. ಇಲ್ಲದಿದ್ದರೆ ಮಾತ್ರ ತಂದೆಯನ್ನು ನೋಡಿ. ತಂದೆಯಲ್ಲಿ ಇದ್ದರೆ ಮೊಟ್ಟೆ ಸಾಯುತ್ತದೆ. ಯಾಕೆಂದರೆ ಬ್ಯಾಕ್ಟೀರಿಯಾ ವೀರ್ಯಾಣುವಿಗೆ ವಿಷ ಹಚ್ಚಿ ಕಳಿಸಿರುತ್ತದೆ, ಅದರ ಮದ್ದು ಬ್ಯಾಕ್ಟೀರಿಯಾ ಇರುವ ಮೊಟ್ಟೆಯಲ್ಲಿ ಮಾತ್ರ ಇರುತ್ತದೆ. ಮದ್ದಿಲ್ಲದ ಮೊಟ್ಟೆಯಲ್ಲಿ ಮೊದಲ ವಿಭಜನೆಯಲ್ಲೇ ತಂದೆಯ ಕ್ರೋಮೋಸೋಮುಗಳು ಹಿಂದುಳಿಯುತ್ತವೆ.

ನನ್ನ ತಲೆ ತಿಂದದ್ದು ಇದರ ಮುಂದಿನ ಪ್ರಶ್ನೆ. ಗಂಡಿನಿಂದ ಬ್ಯಾಕ್ಟೀರಿಯಾ ಮುಂದೆ ಹೋಗುವುದೇ ಇಲ್ಲ. ಹಾಗಿದ್ದಮೇಲೆ ಬೇರೆಯವರ ಮೊಟ್ಟೆ ಕೊಂದು ಅದಕ್ಕೇನು ಲಾಭ? ಲೆಕ್ಕ ಹಾಕಿದರೆ ಬಿಡಿಸಿಕೊಳ್ಳುತ್ತದೆ. ಸೋಂಕಿನ ಹೆಣ್ಣು 10, ಸೋಂಕಿಲ್ಲದ ಹೆಣ್ಣು 10, ಗಂಡುಗಳಲ್ಲೂ ಅರ್ಧಕ್ಕರ್ಧ ಸೋಂಕು ಅಂತಿಟ್ಟುಕೊಳ್ಳಿ. ಪ್ರತಿ ಹೆಣ್ಣೂ 100 ಮೊಟ್ಟೆ ಇಡಲಿ. ಸೋಂಕಿನ ಹೆಣ್ಣುಗಳ 1000 ಮೊಟ್ಟೆಯೂ ಉಳಿಯುತ್ತವೆ. ಉಳಿದ 1000ದಲ್ಲಿ ಅರ್ಧಕ್ಕೆ ಸೋಂಕಿನ ತಂದೆ, ಆ 500 ಸತ್ತವು. ಮುಂದಿನ ಪೀಳಿಗೆಯಲ್ಲಿ ಸೋಂಕಿನವು 1000, ಸೋಂಕಿಲ್ಲದವು 500. ಈಗ ಗಂಡುಗಳಲ್ಲಿ ಮೂರಕ್ಕೆರಡು ಸೋಂಕಿನವು, ಹಾಗಾಗಿ ಅದರ ಮುಂದಿನದರಲ್ಲಿ ಸೋಂಕಿಲ್ಲದವುಗಳ ಮೊಟ್ಟೆಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಂದರೆ ಗಂಡಿನೊಳಗಿನ ಬ್ಯಾಕ್ಟೀರಿಯಾ ತಾನು ಉಳಿಯುವುದಿಲ್ಲ, ಆದರೆ ಹೆಣ್ಣಿನೊಳಗಿರುವ ತನ್ನ ಬಳಗಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಎಂಥಾ ಲೆಕ್ಕಾಚಾರ ಅಲ್ವಾ!

ಕೀಟ ಕಡಿಮೆ ಮಾಡಬೇಕೆಂದರೆ ಸೋಂಕಿನ ಗಂಡು ಮಾತ್ರ ಬಿಡಬೇಕು. 1967ರಲ್ಲಿ ಲಾವೆನ್ ಎಂಬ ವಿಜ್ಞಾನಿ ಬರ್ಮಾದ ಓಕ್ಪೋ ಹಳ್ಳಿಯಲ್ಲಿ ಅಲ್ಲಿನ ಹೆಣ್ಣಿಗೆ ಹೊಂದಾಣಿಕೆಯಾಗದ ಗಂಡು ಬಿಟ್ಟು ಕ್ಯೂಲೆಕ್ಸ್ ಸೊಳ್ಳೆ ಇಲ್ಲವಾಗಿಸಿದರು. ಕಾರಣ ವೊಲ್ಬಾಕಿಯಾ ಎಂದು ತಿಳಿದದ್ದು 1971ರಲ್ಲಿ! ಗಂಡಿನ ಜೊತೆಗೆ ಸೋಂಕಿನ ಹೆಣ್ಣೂ ಸಾಕಷ್ಟು ಸೇರಿಬಿಟ್ಟರೆ ಕೀಟ ಕಡಿಮೆಯಾಗುವುದಿಲ್ಲ, ಸೋಂಕು ಹರಡುತ್ತದೆ.

ನಮ್ಮ ಕಂದು ಜಿಗಿಹುಳಿನಲ್ಲಿ ಮೊದಲೇ ಇರುವ ವೊಲ್ಬಾಕಿಯಾ ತಳಿ ಸಿಐ ಮಾಡುವುದಿಲ್ಲ. 2020ರಲ್ಲಿ ಪ್ರಕಟವಾದ ಕೆಲಸದಲ್ಲಿ ಸಣ್ಣ ಕಂದು ಜಿಗಿಹುಳು ಎಂಬ ಬೇರೊಂದು ಕೀಟದ ವೊಲ್ಬಾಕಿಯಾ ತಳಿಯನ್ನು ಇದಕ್ಕೆ ಸೇರಿಸಿದಾಗ ಸಿಐ ಬಂತು, ಹುಳ ಹರಡುವ ಭತ್ತದ ವೈರಸ್ಸೂ ತಗ್ಗಿತು. ಹಾಗಾಗಿ ‘ವೊಲ್ಬಾಕಿಯಾ ಇದ್ದರೆ ಸಿಐ’ ಅಂತ ಸುಮ್ನೆ ಬರೆಯಬೇಡಿ, ಯಾವ ತಳಿ ಅಂತ ಕೇಳಿ.

ವೊಲ್ಬಾಕಿಯಾದ ಉಳಿದ ಆಟಗಳು ಚುಟುಕಾಗಿ. ಕೆಲವು ಗುಲಗಂಜಿ ಹುಳಗಳಲ್ಲಿ ಬ್ಯಾಕ್ಟೀರಿಯಾ ಗಂಡು ಭ್ರೂಣವನ್ನೇ ಕೊಲ್ಲುತ್ತದೆ. ಕೆಲವು ಟ್ರೈಕೋಗ್ರಾಮಾ ಕಣಜಗಳಲ್ಲಿ ವೀರ್ಯಾಣು ಸೇರದ, ಗಂಡಾಗಬೇಕಿದ್ದ ಮೊಟ್ಟೆಯೂ ಹೆಣ್ಣಾಗುತ್ತದೆ, ಆ್ಯಂಟಿಬಯೋಟಿಕ್ ಕೊಟ್ಟರೆ ಗಂಡು ಮತ್ತೆ ಹುಟ್ಟುತ್ತವೆ.