ಎರಡನೇ ಕಂಬದ ಹತ್ತಿರ

ನಮ್ಮ ಮನೆ ಸಾಗರದ ಕಡೆ. ಜಗಲಿಗೆ ನಾಲ್ಕು ಕಂಬ. ಎರಡನೆಯದು ಕೊನೆಗೌಡರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರ ಕಂಬ. ಹಾಗಂತ ಯಾರೂ ಹೇಳಿದ್ದಲ್ಲ, ಆದರೆ ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು, ಮಳೆ ಹೋದ ಮೇಲೆ ಅಡಿಕೆ ಕೊನೆ ತೆಗೆಯಲು, ಮೂವತ್ತು ವರ್ಷ ಅವರೇ ನಮ್ಮ ತೋಟಕ್ಕೆ ಬಂದರು. ಒಮ್ಮೆ ಮರ ಹತ್ತಿದರೆ ಬೇಗ ಇಳಿಯುತ್ತಿರಲಿಲ್ಲ. ಮರವನ್ನೇ ತೂಗಿ, ಪಕ್ಕದ ಮರ ಹಿಡಿದು, ಹಾಗೇ ದಾಟಿಬಿಡುತ್ತಿದ್ದರು. ಕತ್ತು ನೋಯುವವರೆಗೂ ನಾನು ನೋಡುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಆ ಕಂಬಕ್ಕೆ ಬೆನ್ನು ಕೊಟ್ಟು ಕೂತು, "ತಮಾ, ಒಂಚೂರು ಸುಣ್ಣ ತಾ" ಅನ್ನುತ್ತಿದ್ದರು. ಕವಳ ಹಾಕಿ ಮಿಕ್ಕ ಸುಣ್ಣವನ್ನು ಕಂಬಕ್ಕೇ ಒರೆಸುತ್ತಿದ್ದರು. ಆ ಬೆರಳಿನ ಗುರುತು ಇನ್ನೂ ಇದೆ.

ಹೋದ ವರ್ಷ ಆಷಾಢದಲ್ಲಿ ಅವರು ತೀರಿಕೊಂಡರು. ಮರದಿಂದ ಬಿದ್ದಲ್ಲ, ಜ್ವರ ಬಂದು. ನನಗೆ ಸುದ್ದಿ ಗೊತ್ತು, ಅವರ ಮನೆಗೂ ಹೋಗಿ ಬಂದಿದ್ದೆ. ಆದರೂ ಜಗಲಿ ಹತ್ತುವಾಗ ಪ್ರತಿ ಸಲ ಕಣ್ಣು ಎರಡನೇ ಕಂಬಕ್ಕೆ ಹೋಗುತ್ತಿತ್ತು. ಇಲ್ಲ ಅಂತ ಗೊತ್ತಿದ್ದೂ ಹುಡುಕುವುದು ಯಾಕೆ?

ಇದಕ್ಕೆ ಒಂದು ಸುಳಿವು ಸಿಕ್ಕಿದ್ದು ನಾರ್ವೆಯ ಇಲಿಗಳಿಂದ. ನಮ್ಮ ಮಿದುಳಿನಲ್ಲಿ ಜಾಗಗಳ ನಕ್ಷೆ ಇಟ್ಟುಕೊಳ್ಳುವ ನರಕೋಶಗಳಿವೆ. ಇಲಿಯ ಮಿದುಳಿನಲ್ಲಿ, ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಂಥ ಕೋಶಗಳನ್ನು 1971ರಲ್ಲಿ ಮೊದಲು ತೋರಿಸಿದವರು ಜಾನ್ ಓಕೀಫ್. ಇಲಿ ಒಂದು ಮೂಲೆಗೆ ಬಂದರೆ ಒಂದು ಕೋಶ ಮಿಡಿಯುತ್ತದೆ, ಇನ್ನೊಂದು ಮೂಲೆಗೆ ಹೋದರೆ ಇನ್ನೊಂದು. ಈ ನಕ್ಷೆಯ ಕೆಲಸವನ್ನು ಮುಂದುವರಿಸಿದ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೂ ಓಕೀಫ್ ಅವರಿಗೂ 2014ರಲ್ಲಿ ನೊಬೆಲ್ ಬಂತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮೋಸರ್ ಅವರ ಪ್ರಯೋಗಾಲಯದಿಂದಲೇ 2013ರಲ್ಲಿ ಬಂದ ಇನ್ನೊಂದು ಸಂಶೋಧನೆ. ಇಲಿ ಓಡಾಡುವ ಪೆಟ್ಟಿಗೆಯಲ್ಲಿ ಒಂದು ವಸ್ತು ಇಟ್ಟರು. ಆಮೇಲೆ ಅದನ್ನು ತೆಗೆದರು. ಈಗ ಅಲ್ಲಿ ಬರೀ ನೆಲ. ಆದರೂ ಇಲಿ ಆ ಖಾಲಿ ಜಾಗಕ್ಕೆ ಬಂದಾಗ, ಹಿಪೊಕ್ಯಾಂಪಸ್‌ನ ಪಕ್ಕದ ಭಾಗದಲ್ಲಿ ಕೆಲವು ಕೋಶಗಳು ಮಿಡಿದವು. ವಸ್ತು ಇದೆ ಎಂದು ಅಲ್ಲ, ಅದು ಇಲ್ಲಿ ಇತ್ತು ಎಂದು. ತೆಗೆದು ದಿನಗಳು ಕಳೆದ ಮೇಲೂ ಆ ಮಿಡಿತ ಕಂಡಿತು.

ಇಲಿಗೆ ದುಃಖವಾಯಿತು ಅಂತ ನಾನು ಹೇಳುತ್ತಿಲ್ಲ. ಇಲಿಯಿಂದ ಮನುಷ್ಯನಿಗೆ ದೂರ ಜಾಸ್ತಿ, ಒಂದು ವಸ್ತುವಿಗೂ ಒಬ್ಬ ಮನುಷ್ಯನಿಗೂ ಇನ್ನೂ ದೂರ. ಆದರೆ ಖಾಲಿ ಜಾಗವೂ ಮಿದುಳಿಗೆ ಖಾಲಿ ಅಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ನಮ್ಮ ಮಿದುಳು ಮುಂದೇನು ಅಂತ ಸದಾ ಊಹೆ ಮಾಡುತ್ತಲೇ ಇರುತ್ತದೆ. ಮೂವತ್ತು ವರ್ಷ ಆ ಕಂಬದ ಹತ್ತಿರ ಒಬ್ಬರಿದ್ದರು, ಹಾಗಾಗಿ ಇವತ್ತೂ ಇರುತ್ತಾರೆ ಅನ್ನುವುದೇ ಅದರ ಲೆಕ್ಕ. ಸಾವಿನ ಸುದ್ದಿ ಒಂದೇ ಸಲ ಬರುತ್ತದೆ. ಹಳೆಯ ಲೆಕ್ಕ ಅಳಿಯಬೇಕಾದರೆ ಜಗಲಿಯನ್ನು ನೂರು ಸಲ ಹತ್ತಬೇಕು, ನೂರು ಸಲವೂ ಅಲ್ಲಿ ಯಾರೂ ಇರಬಾರದು. ದುಃಖ ನಿಧಾನ ಯಾಕೆ ಅನ್ನುವುದು ನನಗೆ ಅರ್ಥವಾದದ್ದು ಹೀಗೆ. "ಇನ್ನೂ ಅದೇ ಗುಂಗಲ್ಲಿದ್ದೀಯಾ?" ಎಂದು ಯಾರನ್ನಾದರೂ ಕೇಳುವ ಮೊದಲು ಇದನ್ನು ನೆನೆಸಿಕೊಳ್ಳಬೇಕು, ಅಲ್ವಾ?

ಕೆಲವರಿಗೆ ಬರೀ ಕಣ್ಣು ಹೋಗುವುದಲ್ಲ, ತೀರಿಕೊಂಡವರು ಪಕ್ಕದಲ್ಲೇ ಇದ್ದಂತೆ ಅನಿಸುತ್ತದೆ. ಕೆಮ್ಮು ಕೇಳಿಸುತ್ತದೆ. ವೇಲ್ಸ್‌ನ ಡೀವಿ ರೀಸ್ ಎಂಬ ವೈದ್ಯರು ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ಇಂಥ ಅನುಭವ ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೆ ಬಹಳ ಮಂದಿ ಅದನ್ನು ಯಾರಿಗೂ ಹೇಳಿರಲೇ ಇಲ್ಲ. ನಮ್ಮಲ್ಲೂ ಎಷ್ಟೋ ಅಜ್ಜಿಯರು ಹೇಳದೇ ಇಟ್ಟುಕೊಂಡಿರುತ್ತಾರೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ಆರು ತಿಂಗಳು, ವರ್ಷ ಕಳೆದ ಮೇಲೂ ದಿನದ ಕೆಲಸ ಮಾಡಲಾಗದಷ್ಟು ಸಂಕಟವಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಅದಕ್ಕೆ ಚಿಕಿತ್ಸೆ ಇದೆ.

ನನ್ನ ದುಃಖಕ್ಕೆ ಇನ್ನೊಂದು ತೊಡಕಿತ್ತು. ಕೊನೆಗೌಡರು ನಮಗೆ ನೆಂಟರಲ್ಲ. ಸೂತಕವಿಲ್ಲ, ತಿಥಿಯಿಲ್ಲ, ನಮ್ಮ ಮನೆಗೆ ಬಂದು ಸಮಾಧಾನ ಹೇಳುವವರೂ ಇಲ್ಲ. ಊರು ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಕೆನ್ನೆತ್ ಡೋಕಾ ಎಂಬವರು 1989ರಲ್ಲೇ ವಿವರವಾಗಿ ಬರೆದರು. ಗೆಳೆಯ, ಮೇಷ್ಟ್ರು, ಮನೆಯ ನಾಯಿ, ಯಾರಿಗೂ ಹೇಳದ ಪ್ರೀತಿ ಎಲ್ಲ ಇದರೊಳಗೆ ಬರುತ್ತವೆ. ಮಿದುಳಿನ ನಕ್ಷೆಗೆ ಗೋತ್ರ ಗೊತ್ತಿಲ್ಲ. ದಿನಾ ಕಂಡವರನ್ನು ಅದು ಬರೆದುಕೊಳ್ಳುತ್ತದೆ, ಅಷ್ಟೇ.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತೇನೋ. ಮಹಾಲಯದ ತರ್ಪಣದಲ್ಲಿ ಅಪ್ಪ ಅಮ್ಮ ಅಜ್ಜಂದಿರ ಪಟ್ಟಿ ಮುಗಿದ ಮೇಲೆ ಗುರುವಿಗೆ, ಗೆಳೆಯರಿಗೆ ಕೂಡ ನೀರು ಬಿಡುತ್ತಾರೆ. ಹಿರಿಯರ ಹಬ್ಬದಲ್ಲಿ ಎಷ್ಟೋ ಮನೆಗಳಲ್ಲಿ ಎಡೆ ಇಡುತ್ತಾರೆ, ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಬಾಳೆ ಎಲೆಗೆ ಬಡಿಸಿ. ಎಡೆ ಅಂದರೆ ಜಾಗ ಅಂತಲೂ ಅರ್ಥ. ಈ ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದು ನನಗೆ ಹೊಳೆದದ್ದು ಇತ್ತೀಚೆಗೆ, ಸುಮ್ನೆ ಜಗಲಿಯಲ್ಲಿ ಕೂತಿದ್ದಾಗ. ಈ ಸಲದ ಮಹಾಲಯದಲ್ಲಿ ಅಪ್ಪ ಕೊನೆಗೌಡರಿಗೂ ನೀರು ಬಿಡೋಣ ಅಂದರು. ಹೆಸರು ಹೇಳಬೇಕಲ್ಲ? ಮೂವತ್ತು ವರ್ಷ ಎಲ್ಲರೂ ಕೊನೆಗೌಡರು ಎಂದೇ ಕರೆದಿದ್ದೆವು. ಅವರ ಮಗನಿಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡೆವು.

ಈಗ ಕೊನೆ ತೆಗೆಯಲು ಹೊಸ ಹುಡುಗ ಬರುತ್ತಾನೆ. ಒಳ್ಳೆಯ ಕೆಲಸಗಾರ. ಅವನು ಜಗಲಿಗೆ ಬರುವುದಿಲ್ಲ, ಅಂಗಳದಾಚೆ ಹಲಸಿನ ಮರದ ಕೆಳಗೆ ಬೈಕಿನ ಮೇಲೆ ಕೂರುತ್ತಾನೆ. ಮೊನ್ನೆ ಅಮ್ಮ ಅವನಿಗೆ ಚಾ ತಂದಳು. ಲೋಟ ಹಿಡಿದು ನೇರ ಎರಡನೇ ಕಂಬದವರೆಗೆ ಹೋಗಿ ನಿಂತಳು. ಒಂದು ಗಳಿಗೆ ಅಷ್ಟೇ. ಆಮೇಲೆ ಮೆಟ್ಟಿಲು ಇಳಿದು ಅಂಗಳ ದಾಟಿದಳು.