ಸೀಸ ಇಳಿಯಿತು, ಕರು ಯಾಕೆ ಕಲಿಯುತ್ತಿಲ್ಲ?

"ಇಂಜೆಕ್ಷನ್ ಹಾಕೀರಲ್ರೀ, ಇನ್ನಾ ಯಾಕ ಹಿಂಗ ಮಾಡ್ತದ?" ಸೀಸದ ವಿಷದಿಂದ ಬದುಕುಳಿದ ಕರುವಿನ ಮಾಲೀಕರು ಒಂದಲ್ಲ ಒಂದು ದಿನ ಇದನ್ನ ಕೇಳೇ ಕೇಳುತ್ತಾರೆ. ಬೀದರ್ ಜಿಲ್ಲೆಯಲ್ಲಿ ದನಗಳಿಗೆ ಮದ್ದು ಮಾಡಿಕೊಂಡಿರುವ ನನಗೆ ಉತ್ತರ ಬಾಯಿಪಾಠ ಆಗಿದೆ. ಕೇಳಿಸಿಕೊಳ್ಳುವವರು ಮಾತ್ರ ಕಡಿಮೆ.

ಭಾಲ್ಕಿ ಕಡೆಯ ಒಬ್ಬರ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಒಡೆದ ಬ್ಯಾಟರಿ ಬಿದ್ದಿತ್ತು. ಇನ್ನೂ ಹಾಲು ಕುಡಿಯುವುದನ್ನ ಬಿಡದ ದೇವಣಿ ತಳಿಯ ಹೋರಿಗರು ಅದರ ಸೀಸದ ತಟ್ಟೆಗಳ ಬೂದು ಪುಡಿ ನೆಕ್ಕುತ್ತಿತ್ತು. ಆ ರುಚಿ ದನಕ್ಕೆ ಹಿಡಿಸುತ್ತದೆ, ಒಮ್ಮೆ ನೆಕ್ಕಿದ್ದು ಮತ್ತೆ ಮತ್ತೆ ಹೋಗುತ್ತದೆ. ನಾನು ಹೋದಾಗ ಹಲ್ಲು ಕಡಿಯುತ್ತಾ ಗೋಡೆಗೆ ಹಣೆ ಒತ್ತಿ ನಿಂತಿತ್ತು, ಕಣ್ಣ ಮುಂದೆ ಕೈ ಆಡಿಸಿದರೂ ರೆಪ್ಪೆ ಮಿಟುಕಲಿಲ್ಲ. ಸೀಸ ಹಿಡಿಯುವ ಕ್ಯಾಲ್ಸಿಯಂ ಇಡಿಟಿಎ ಇಂಜೆಕ್ಷನ್, ಜೊತೆಗೆ ಥಯಮಿನ್ ಅಂದರೆ ಬಿ1 ವಿಟಮಿನ್ ಕೊಟ್ಟೆವು. ಉಳಿಯಿತು. ಕಣ್ಣೂ ಕಾಣತೊಡಗಿತು. ಬೆಳೆದ ಮೇಲೆ ಜೋಡಿ ಹೋರಿಯ ಜೊತೆ ನೊಗ ಕಟ್ಟಿ ಕಲಿಸಲು ಹೊರಟರು. ಜೊತೆಯದು ಬೇಗ ಪಳಗಿತು, ಇದು ಸಂಜೆ ಕಲಿತ ತಿರುವನ್ನ ಬೆಳಿಗ್ಗೆ ಮರೆತು ಸಾಲಿನ ತುದಿಯಲ್ಲಿ ಸುಮ್ನೆ ನಿಲ್ಲುತ್ತಿತ್ತು. ಸೋಂಬೇರಿ ಅಂದರು, ಬಾರುಕೋಲು ಬೀಸಿದರು. ನನಗೆ ಸಿಟ್ಟು ಬರೋದು ಇಲ್ಲೇ.

ಇಂಜೆಕ್ಷನ್ನಿನ ಕೆಲಸ ಇಷ್ಟೇ: ಮೈಯಲ್ಲಿರುವ ಸೀಸವನ್ನ ಕೈಲಾದಷ್ಟು ಹಿಡಿದು ಮೂತ್ರದಲ್ಲಿ ಹೊರಗೆ ಕಳಿಸುವುದು. ಮಿದುಳನ್ನು ರಿಪೇರಿ ಮಾಡುವುದಲ್ಲ. ಸೀಸ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ನರಕೋಶದೊಳಗೆ ನುಗ್ಗುತ್ತದೆ. ದಾರಿ, ಜಾಗ, ನಿನ್ನೆ ಕಲಿತದ್ದು ನೆನಪಲ್ಲಿ ಉಳಿಯಬೇಕಾದರೆ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಕೋಶಗಳ ನಡುವಿನ ನಂಟು ಗಟ್ಟಿಯಾಗಬೇಕು, ಅದಕ್ಕೆ ಬೇಕಾದ ಎನ್‌ಎಂಡಿಎ ಗ್ರಾಹಕವನ್ನೇ, ಅಂದರೆ ಪಕ್ಕದ ಕೋಶದ ಸಂದೇಶ ಹಿಡಿಯುವ ಬಾಗಿಲನ್ನೇ, ಸೀಸ ತಡೆಯುತ್ತದೆ. ಬೆಳೆದ ಎತ್ತಿಗಿಂತ ಎಳೆಗರುವಿಗೆ ಹೊಡೆತ ಜಾಸ್ತಿ. ಅದರ ಕರುಳು ಸೀಸವನ್ನ ಹೆಚ್ಚು ಹೀರುತ್ತದೆ, ಮಿದುಳೂ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಗೋಡೆ ಕಟ್ಟುವಾಗಲೇ ಸಿಮೆಂಟಿಗೆ ಮಣ್ಣು ಬೆರೆತಿದ್ದರೆ, ಆಮೇಲೆ ಅಂಗಳದ ಮಣ್ಣು ಗುಡಿಸಿ ಏನು ಬಂತು? ರಿಪೋರ್ಟಿನಲ್ಲಿ ರಕ್ತದ ಸೀಸ ಇಳಿದಿದೆ ಅಂದರೆ ಅಂಗಳ ಸ್ವಚ್ಛವಾಗಿದೆ ಅಂತ ಮಾತ್ರ.

ಇದು ನನ್ನೊಬ್ಬನ ಊಹೆ ಅಲ್ಲ. ಅಮೆರಿಕದ ಅಯೋವಾದಲ್ಲಿ ಗಬ್ಬದ ಕುರಿಗಳಿಗೆ ಸೀಸ ಕೊಟ್ಟು ನೋಡಿದ್ದರು, 1974ರಲ್ಲಿ ಅದರ ವರದಿ ಬಂತು. ಜಾಸ್ತಿ ಸೀಸ ಕಂಡ ತಾಯಂದಿರ ಮರಿಗಳು ಎರಡು ಗುರುತುಗಳಲ್ಲಿ ಸರಿಯಾದುದನ್ನು ಆರಿಸುವುದನ್ನ ಕಲಿಯಲು ನಿಧಾನ ಮಾಡಿದವು. ಆಗ ಅವಕ್ಕೆ ಹತ್ತು ತಿಂಗಳು ದಾಟಿತ್ತು, ಸೀಸ ತಗುಲಿದ್ದು ಹೊಟ್ಟೆಯಲ್ಲಿದ್ದಾಗ. 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ರಕ್ತದಲ್ಲಿ ಸೀಸ ಸೇರಿದ್ದ 780 ಮಕ್ಕಳ ಮೇಲೆ ನಡೆದದ್ದು. ಸಕ್ಸಿಮರ್ ಎಂಬ ಔಷಧಿ ರಕ್ತದ ಸೀಸ ಇಳಿಸಿತು, ಬುದ್ಧಿಯ ಪರೀಕ್ಷೆಯಲ್ಲಿ ಮಾತ್ರ ಔಷಧಿ ತೆಗೆದುಕೊಳ್ಳದವರಿಗಿಂತ ಆ ಮಕ್ಕಳು ಮುಂದೆ ಹೋಗಲಿಲ್ಲ.

ಹಾಗಂತ ಭಾಲ್ಕಿಯ ಹೋರಿ ಮರೆಯುವುದು ಸೀಸದಿಂದಲೇ ಅಂತ ಬರೆದು ಸಹಿ ಹಾಕಲಾರೆ. ಕಣ್ಣಿನ ದೋಷ ಸ್ವಲ್ಪ ಉಳಿದಿರಬಹುದು, ಹುಟ್ಟುಗುಣವೂ ಇರಬಹುದು. ಕೆಲವು ಕರುಗಳು ಚೆನ್ನಾಗಿಯೇ ಸುಧಾರಿಸುತ್ತವೆ. ಆದರೆ ಹೊಡೆದರೆ ನೆನಪು ಬರುವುದಿಲ್ಲ, ಅಲ್ವಾ? ಅದರ ಮಾಲೀಕರು ಒಳ್ಳೆಯ ಮನುಷ್ಯರೇ, ಆ ಕರುವಿಗಾಗಿ ರಾತ್ರಿಯಿಡೀ ಕೂತವರು. ಈಗ ಅದನ್ನ ಗಾಡಿಗೆ ಮಾತ್ರ ಕಟ್ಟುತ್ತಾರಂತೆ, ಒಂದೇ ದಾರಿ, ಪಳಗಿದ ಎತ್ತು ಪಕ್ಕಕ್ಕೆ.

ಮದ್ದಿಗಿಂತ ಮೊದಲು ಬ್ಯಾಟರಿ ಹೊರಗೆ ಹೋಗಬೇಕು. ಹಳೆಯದಕ್ಕೆ ಅಂಗಡಿಯವರು ದುಡ್ಡು ಕೊಡುತ್ತಾರೆ, ಆದರೂ ಕೊಟ್ಟಿಗೆಯಲ್ಲೇ ಇಡುತ್ತೀರಿ. ಇಂಜಿನ್‌ನಿಂದ ತೆಗೆದ ಹಳೇ ಆಯಿಲ್ ಡಬ್ಬ, ಹಳೇ ಬಣ್ಣ ಬಳಿದ ಬಾಗಿಲೂ ಕರುವಿನ ಬಾಯಿಗೆ ಸಿಗಬಾರದು. ಹೊಟ್ಟೆಯಲ್ಲಿ ಕೂತ ಸೀಸದ ಚೂರು ಎಷ್ಟೋ ದಿನ ಕರಗುತ್ತಲೇ ಇರುತ್ತದೆ, ಮೂಳೆ ಸೇರಿದ್ದು ಗಬ್ಬದಲ್ಲಿ, ಹಾಲಲ್ಲಿ ಮತ್ತೆ ಹೊರಬರಬಹುದು. ಸೀಸ ತಿಂದ ಹಸುವಿನ ಹಾಲನ್ನ ನಿಮ್ಮ ಡಾಕ್ಟರು ಹೂಂ ಅನ್ನುವ ತನಕ ಯಾರಿಗೂ ಕೊಡಬೇಡಿ. ಇನ್ನೊಂದು, ಕರು ಜೊಲ್ಲು ಸುರಿಸುತ್ತಾ ಹುಚ್ಚುಚ್ಚಾಗಿ ಆಡುತ್ತಿದ್ದರೆ ಏನೋ ನುಂಗಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಅದು ರೇಬಿಸ್ ಕೂಡ ಆಗಿರಬಹುದು.